ಕೊಟ್ಟೂರಿನ ಮೇಲೆ ಒಂಬತ್ತು ನಿಮಿಷ

ಯಾವ ಯಾವ ದಿನ ಮಾಪನ ತಪ್ಪಿದೆ, ಕಾರಣವೇನು ಎಂದು ಕೇಳುವ ನಮೂನೆಯೊಂದನ್ನು ವಿಶ್ವವಿದ್ಯಾಲಯ ನನಗೆ ಕಳಿಸಿತು. ಕಾರಣ ಬರೆಯಲು ಕೊಟ್ಟಿದ್ದ ಜಾಗ ಎರಡು ಬೆರಳಿನಷ್ಟು ಅಗಲ. ಅದರಲ್ಲಿ ‘ತಾಂತ್ರಿಕ ತೊಂದರೆ’ ಎಂಬ ಎರಡು ಪದ ಹಿಡಿಯುತ್ತವೆ, ಮೂರನೆಯದು ಹಿಡಿಯುವುದಿಲ್ಲ. ಎಲ್ಲ ಸಾಲಿಗೂ ಅದನ್ನೇ ಬರೆದು ಸಹಿ ಹಾಕಿದೆ. ನಿಜವಾದ ಕಾರಣ ಬರೆಯಲು ಹೋಗಿದ್ದರೆ ಪುಟ ಸಾಲುತ್ತಿರಲಿಲ್ಲ, ಓದಿದವರು ನಂಬುತ್ತಲೂ ಇರಲಿಲ್ಲ. ನಮ್ಮ ಕಡೆ ಇಂಥವು ಆಗುತ್ತಲೇ ಇರುತ್ತವೆ. ಒಂದು ವಾರ ಏನೂ ಆಗದೆ ಹೋದರೆ ನನಗೇ ದಿಗಿಲಾಗುತ್ತದೆ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಾನು ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ವಯಸ್ಸು ಐವತ್ತೈದು. ನಾಲ್ಕೈದು ಕಾಲೇಜುಗಳ ಮೇಷ್ಟ್ರುಗಳು ಸೇರಿ ಒಂದು ಪುಟ್ಟ ಉಪಗ್ರಹ ಕಟ್ಟಿದೆವು. ನೋಡಲಿಕ್ಕೆ ಅಡುಗೆಮನೆಯ ಉದ್ದನೆಯ ಡಬ್ಬಿ. ಊರವರೂ ಅದನ್ನು ಡಬ್ಬಿ ಎಂದೇ ಕರೆದರು, ಕೊನೆಗೆ ನಾನೂ ಹಾಗೇ ಕರೆಯತೊಡಗಿದೆ. ಯಾವುದೋ ದೊಡ್ಡ ಉಪಗ್ರಹದ ಜೊತೆ ಒಂದು ಮೂಲೆಯಲ್ಲಿ ಕೂತು ಅದು ಮೇಲೆ ಹೋಯಿತು. ಎಲ್ಲೋ ದೂರದಲ್ಲಿ ಸತ್ತ ನಕ್ಷತ್ರಗಳಿಂದ ಹೊರಟ ಕಣಗಳು ಹಗಲೂ ರಾತ್ರಿ ಭೂಮಿಯ ಮೇಲೆ ಬೀಳುತ್ತಿರುತ್ತವೆ. ವಿಶ್ವಕಿರಣ ಎನ್ನುತ್ತೇವೆ. ತನ್ನನ್ನು ಹಾದುಹೋದ ಕಣಗಳನ್ನು ಎಣಿಸುವುದು ಡಬ್ಬಿಯ ಕೆಲಸ. ಅದಕ್ಕೆ ನೆನಪು ಕಡಿಮೆ. ಅರ್ಧ ದಿನದ ಎಣಿಕೆ ಮಾತ್ರ ಇಟ್ಟುಕೊಳ್ಳುತ್ತದೆ. ಬೆಳಿಗ್ಗೆ ಆರರ ಸುಮಾರಿಗೆ ಒಮ್ಮೆ, ಸಂಜೆ ಆರರ ಸುಮಾರಿಗೆ ಒಮ್ಮೆ ನಮ್ಮ ನೆತ್ತಿಯ ಮೇಲೆ ಹಾಯುವಾಗ ಒಂಬತ್ತು ನಿಮಿಷ ರೇಡಿಯೋದಲ್ಲಿ ಆ ಎಣಿಕೆಯನ್ನು ಹೇಳುತ್ತದೆ. ನಾನು ಕಾಲೇಜಿನ ಮಾಳಿಗೆಯ ಮೇಲೆ ಆಂಟೆನಾ ಹಿಡಿದು ಕೇಳಿಸಿಕೊಳ್ಳಬೇಕು. ತಪ್ಪಿದರೆ ಆ ಅರ್ಧ ದಿನ ಹೋಯಿತು, ಮತ್ತೆ ಸಿಗದು.

ಅಪರೂಪಕ್ಕೆ ಸೂರ್ಯನಲ್ಲಿ ದೊಡ್ಡ ಬಿರುಗಾಳಿ ಏಳುತ್ತದೆ. ಅದು ಇತ್ತ ಬೀಸಿದಾಗ ವಿಶ್ವಕಿರಣಗಳನ್ನು ಆಚೆ ತಳ್ಳಿಬಿಡುತ್ತದೆ. ಆಗ ಡಬ್ಬಿಯ ಎಣಿಕೆ ಒಂದೇ ದಿನದಲ್ಲಿ ದಡಕ್ಕನೆ ಇಳಿದು, ಮುಂದೆ ಒಂದು ವಾರ ಮೆಲ್ಲಗೆ ಏರಿ ಮೊದಲಿನಂತಾಗುತ್ತದೆ. ಇಂಥ ಒಂದೇ ಒಂದು ಇಳಿತ ಮತ್ತು ಏರಿಕೆ, ನಡುವೆ ಒಂದೂ ಮಾಪನ ತಪ್ಪದೆ, ನನಗೆ ಸಿಗಬೇಕಿತ್ತು. ನನ್ನ ಪಿಎಚ್.ಡಿ. ಪ್ರಬಂಧ ನಿಂತಿದ್ದು ಅದರ ಮೇಲೆ. ಡಬ್ಬಿಯ ಆಯುಷ್ಯ ನಾಲ್ಕೈದು ವರ್ಷ, ಆಮೇಲೆ ಕೆಳಗಿಳಿದು ಉರಿದು ಹೋಗುತ್ತದೆ. ಅಷ್ಟರೊಳಗೆ ಆಗಬೇಕು.

ದಕ್ಷಿಣಕ್ಕೆ ಮುಖ

ಮೊದಲ ಬಿರುಗಾಳಿ ಬಂದಾಗ ಡಬ್ಬಿ ಹಾರಿ ಇನ್ನೂ ವರ್ಷವಾಗಿರಲಿಲ್ಲ. ಸಂಜೆಯ ಹೊತ್ತು ಅದು ದಕ್ಷಿಣದಿಂದ ಬರುತ್ತದೆ. ಹಾಗಾಗಿ ಮಧ್ಯಾಹ್ನವೇ ಆಂಟೆನಾವನ್ನು ದಕ್ಷಿಣಕ್ಕೆ ತಿರುಗಿಸಿಟ್ಟು, ಕೊನೆಯ ಪಾಠ ಮುಗಿಸಿ ಮೇಲೆ ಹೋಗುವುದು ನನ್ನ ರೂಢಿ. ಅವತ್ತು ಹೋಗಿ ನೋಡಿದರೆ ಆಂಟೆನಾ ಈಶಾನ್ಯಕ್ಕೆ ಮುಖ ಮಾಡಿ ನಿಂತಿತ್ತು. ಅದರ ಕಂಬಕ್ಕೆ ಅರಿಶಿನ ಕುಂಕುಮ. ಕೇಬಲ್ ಬಂದು ಸೇರುವ ಜಾಗದಲ್ಲಿ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ. ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದ್ದರಿಂದ ನಿಂಬೆಹಣ್ಣು ಒಡೆದು ರಸವೆಲ್ಲ ಕೇಬಲ್ಲಿನ ಬಾಯಿಗೆ ಇಳಿದಿತ್ತು.

ತಿರುಗಿಸಿ, ಬಿಚ್ಚಿ, ಒರೆಸಿ ಮುಗಿಸುವಷ್ಟರಲ್ಲಿ ಡಬ್ಬಿ ತನ್ನ ಲೆಕ್ಕವನ್ನೆಲ್ಲ ಒಪ್ಪಿಸಿ ಉತ್ತರಕ್ಕೆ ಹೋಗಿಬಿಟ್ಟಿತ್ತು. ಇಳಿತ ಶುರುವಾದ ಗಳಿಗೆಯೇ ಹೋಯಿತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

ಅಟೆಂಡರನನ್ನು ಕರೆದು ಕೇಳಿದರೆ, “ನಂದೇನು ತಪ್ಪಿಲ್ರಿ ಸರ್, ಕಮಿಟಿ ಹಿರಿಯಾರು ಹೇಳ್ಯಾರ,” ಎಂದ. ಹಿರಿಯರು ನಮ್ಮ ಆಡಳಿತ ಮಂಡಳಿಯವರು, ಪೇಟೆಯಲ್ಲಿ ಕಾಳಿನ ವ್ಯಾಪಾರ. ಅವರ ಅಂಗಡಿಗೇ ಹೋದೆ.

“ಕಾಲೇಜಿನ ನೆತ್ತಿ ಮ್ಯಾಲೆ ನಿಂತು ಯಮನ ದಿಕ್ಕಿಗೆ ಬಾಯಿ ತಕ್ಕೊಂಡು ಕುಂದ್ರತೈತಲ್ರಿ ಅದು. ಹಿಂಗಾದ್ರ ಅಡ್ಮಿಷನ್ ಆಗತಾವನ್ರಿ?”

“ಡಬ್ಬಿ ಬರೋದೇ ಆ ಕಡೆಯಿಂದ್ರಿ.”

“ಉತ್ತರದಿಂದ ಬರಾಕ ಹೇಳ್ರಿ.”

“ಬೆಳಿಗ್ಗೆ ಉತ್ತರದಿಂದನೇ ಬರತೈತ್ರಿ.”

ಹಿರಿಯರು ತಕ್ಕಡಿ ಕೆಳಗಿಟ್ಟು ನನ್ನನ್ನು ಕರುಣೆಯಿಂದ ನೋಡಿದರು. “ಮತ್ತ! ಬರೂದು ಗೊತ್ತೈತಿ ಅಂದ್ಮ್ಯಾಲೆ ಸಂಜಿಕೂ ಅದ ದಾರಿ ಹಿಡಿ ಅಂತ ಒಂದು ಅರ್ಜಿ ಕೊಡ್ರಿ. ನಾನೂ ಸಹಿ ಮಾಡ್ತೀನಿ.”

ನನ್ನ ವಿದ್ಯಾರ್ಥಿ, ನನ್ನ ಗುರು

ನನ್ನ ಮೊದಲ ಮಾರ್ಗದರ್ಶಕರು ಕಾದು ಕಾದು ನಿವೃತ್ತರಾದರು, ಆಮೇಲೆ ತೀರಿಕೊಂಡರು. ತೀರಿಕೊಳ್ಳುವ ವಾರದಲ್ಲೂ ಆಸ್ಪತ್ರೆಯಿಂದ ಫೋನ್ ಮಾಡಿ, “ಇಳೀತೇನಪ್ಪಾ?” ಎಂದು ಕೇಳಿದ್ದರು. ಇಲ್ಲ ಎಂದೆ. ಇಳಿದಿದೆ ಸರ್ ಎಂದು ಒಂದು ಸುಳ್ಳು ಹೇಳಿದ್ದರೆ ಗಂಟೇನು ಹೋಗುತ್ತಿತ್ತು?

ಅವರ ಜಾಗಕ್ಕೆ ವಿಶ್ವವಿದ್ಯಾಲಯ ಹೊಸ ಮಾರ್ಗದರ್ಶಕರನ್ನು ಕೊಟ್ಟಿತು. ದಾವಣಗೆರೆಗೆ ಹೋಗಿ ಕೋಣೆಯ ಬಾಗಿಲು ತಳ್ಳಿದರೆ, ಕುರ್ಚಿಯಲ್ಲಿ ಕೂತವನು ಧಡಕ್ಕನೆ ಎದ್ದು ನಿಂತ. ಹರಪನಹಳ್ಳಿಯಲ್ಲಿ ನಾನು ಪಾಠ ಮಾಡುತ್ತಿದ್ದಾಗ ನನ್ನ ವಿದ್ಯಾರ್ಥಿಯಾಗಿದ್ದವನು. ಪ್ರಯೋಗದ ರೆಕಾರ್ಡ್ ಪುಸ್ತಕವನ್ನು ಅವನಿಂದ ಮೂರು ಸಲ ಬರೆಸಿದ್ದೆ.

“ಸರ್, ಕುತ್ಕಳ್ರಿ,” ಎಂದು ತನ್ನ ಕುರ್ಚಿಯನ್ನೇ ತೋರಿಸಿದ. ನಾನು ಒಲ್ಲೆನೆಂದೆ. ನೀವು ನಿಂತರೆ ನಾನೂ ನಿಲ್ಲುತ್ತೇನೆ ಎಂದ. ಇಬ್ಬರೂ ನಿಂತೇ ಒಂದು ಗಂಟೆ ಮಾತಾಡಿದೆವು. ಚಹಾ ತಂದ ಜವಾನ ಇಬ್ಬರನ್ನೂ ನೋಡಿ, ಖಾಲಿ ಕುರ್ಚಿಯ ಎದುರಿಗೆ ಎರಡೂ ಲೋಟ ಇಟ್ಟು ಹೋದ.

ಅವನು ಒಳ್ಳೆಯವನು. ನನ್ನ ಅಧ್ಯಾಯದಲ್ಲಿ ತಪ್ಪು ಕಂಡರೆ ಪೆನ್ಸಿಲಿನಲ್ಲಿ, ಅದೂ ಕಂಡೂ ಕಾಣದ ಹಾಗೆ, ‘ಇಲ್ಲಿ ತಪ್ಪಾಗಿದೆ, ಕ್ಷಮಿಸಿ ಸರ್’ ಎಂದು ಬರೆಯುತ್ತಿದ್ದ. ಆದರೆ ಬಿಡುವವನಲ್ಲ. ಎರಡನೆಯ ಅಧ್ಯಾಯವನ್ನು ಮೂರನೆಯ ಸಲ ವಾಪಸ್ ಕೊಟ್ಟಾಗ ನನಗೆ ರೇಗಿಹೋಯಿತು. “ಅಲ್ಲಪ್ಪಾ, ಮೂರು ಸಲ ಬರೆಸ್ತೀಯಲ್ಲ, ಇದೆಲ್ಲಿ ಕಲಿತೆ?” ಎಂದೆ.

ಅವನು ತಲೆ ತಗ್ಗಿಸಿ, “ಹರಪನಹಳ್ಳೀಲಿ ಸರ್,” ಎಂದ.

ಬದುವಿನ ತಕರಾರು

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಿಂದ ಒಬ್ಬ ರೈತರು ಒಂದು ಸಂಜೆ ಮಾಳಿಗೆ ಹತ್ತಿ ಬಂದರು. ಕೈಯಲ್ಲಿ ಹೊಲದ ನಕ್ಷೆ. ಪಕ್ಕದ ಹೊಲದವನು ಪ್ರತಿ ವರ್ಷ ಮಡಿಕೆ ಹೊಡೆದು ಉಳುವಾಗ ಬದುವನ್ನು ಒಂದಿಷ್ಟು ಇತ್ತ ಸರಿಸಿದ್ದಾನೆ, ಮೇಲಿಂದ ನೋಡಿ ಹೇಳಬೇಕು ಎಂಬುದು ಅವರ ಬೇಡಿಕೆ.

“ಅದರಲ್ಲಿ ಕ್ಯಾಮೆರಾ ಇಲ್ರಿ ಯಜಮಾನ್ರೆ, ಅದಕ್ಕೆ ಕಾಣೋದಿಲ್ಲ,” ಎಂದೆ.

“ಕಣ್ಣಿಲ್ಲದ್ದನ್ನ ಯಾಕ್ರೀ ಅಷ್ಟು ದೂರ ಕಳ್ಸಿದ್ರಿ?”

ಕಿರಣ ಎಣಿಸಲಿಕ್ಕೆ ಎಂದು ಹೇಳಿದೆ. ಕಿರಣ ಅಂದರೆ ಏನು, ಎಲ್ಲಿಂದ ಬರುತ್ತವೆ, ಎಲ್ಲವನ್ನೂ ಕೇಳಿದರು. ಕೊನೆಗೆ, “ಎಲ್ಲರ ಹೊಲಕ್ಕೂ ಒಂದ ಸಮ ಬೀಳ್ತಾವೋ, ಹೆಚ್ಚು ಕಮ್ಮಿ ಏನರ ಐತೋ?” ಎಂದರು.

“ಒಂದೇ ಸಮ ಬೀಳ್ತಾವ್ರಿ.”

“ಹಂಗಾರ ಕೆಲಸ ಸುಲಭ ಆತಲ್ರಿ. ನನ್ನ ಹೊಲಕ್ಕ ಎಷ್ಟು ಬಿದ್ವು, ಅವನ ಹೊಲಕ್ಕ ಎಷ್ಟು ಬಿದ್ವು, ಎರಡೂ ಎಣಿಸಿಬಿಡ್ರಿ. ಇಬ್ಬರದೂ ಐದೈದು ಎಕರೆ. ಅವನಿಗೆ ಹೆಚ್ಚು ಬಿದ್ದಿದ್ರ ಬದು ಸರಿಸ್ಯಾನ ಅಂತಲೇ ಲೆಕ್ಕ.”

ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಇಷ್ಟು ಚೊಕ್ಕವಾದ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ತತ್ವದಲ್ಲಿ ಅವರು ಹೇಳಿದ್ದು ಪೂರ್ತಿ ಸರಿ. ನೆಲದ ಮೇಲೆ ಎಷ್ಟು ದೊಡ್ಡ ಯಂತ್ರ ಇಟ್ಟರೆ ಐದು ಎಕರೆ ಅಳೆಯಬಹುದು, ಎಷ್ಟು ದಿನ ಬೇಕಾದೀತು ಎಂದು ಅವರ ನಕ್ಷೆಯ ಹಿಂಬದಿಯಲ್ಲೇ ಲೆಕ್ಕ ಹಾಕತೊಡಗಿದೆ. ತಲೆ ಎತ್ತಿದಾಗ ಆರೂ ಇಪ್ಪತ್ತೈದು. ಡಬ್ಬಿ ಬಂದು ಹೋಗಿತ್ತು. ಅವತ್ತು ಬಿರುಗಾಳಿ ಏನೂ ಇರಲಿಲ್ಲ, ಪುಣ್ಯ.

“ಆಗೋದಿಲ್ರಿ ಯಜಮಾನ್ರೆ. ಅದು ಬಹಳ ಎತ್ತರದಾಗೈತಿ. ಅಲ್ಲಿಂದ ಒಬ್ಬರ ಹೊಲ ಬೇರೆ ಮಾಡಿ ಎಣಿಸೋಕೆ ಬರೋದಿಲ್ಲ,” ಎಂದೆ.

ಅವರು ನಕ್ಷೆ ಮಡಿಸಿ ಜೇಬಿಗಿಟ್ಟು, “ಹಂಗಾರ ಒಂದೀಟು ಕೆಳಗ ಇಳಿಸ್ರಿ,” ಎಂದರು.

ಅದು ತಾನಾಗಿಯೇ ಇಳಿಯುತ್ತಿತ್ತು. ದಿನಾ ಒಂದೀಟು. ಅದನ್ನು ಅವರಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ತಾಲ್ಲೂಕುವಾರು

ಇದ್ದಕ್ಕಿದ್ದಂತೆ ಒಂದು ಸರ್ಕಾರಿ ಕಚೇರಿಯಿಂದ ಪತ್ರ ಬಂತು. ವಿಜ್ಞಾನ ಕಾರ್ಯಕ್ರಮಗಳ ಪ್ರಗತಿ ವರದಿಯನ್ನು ಪ್ರತಿ ತಿಂಗಳೂ ಕಳಿಸಬೇಕು, ಜೊತೆಗೆ ನಮೂನೆ ಲಗತ್ತಿಸಿದೆ. ನಮೂನೆಯಲ್ಲಿ ಗುರಿ, ಸಾಧನೆ, ಬಾಕಿ, ಫಲಾನುಭವಿಗಳ ಸಂಖ್ಯೆ ಎಂದು ನಾಲ್ಕು ಕಾಲಂ. ಫಲಾನುಭವಿಗಳಲ್ಲಿ ಮತ್ತೆ ಗಂಡು, ಹೆಣ್ಣು. ಎಲ್ಲವೂ ತಾಲ್ಲೂಕುವಾರು.

ನಾನು ಹೋಗಿ ಅಧಿಕಾರಿಗಳಿಗೆ ವಿವರಿಸಿದೆ. ಡಬ್ಬಿಯ ವೇಗಕ್ಕೆ ನಮ್ಮ ಐದೂ ತಾಲ್ಲೂಕು ದಾಟಲು ಹತ್ತು ಸೆಕೆಂಡ್ ಸಾಕು, ಬೇರೆ ಬೇರೆ ಮಾಡಲು ಬರುವುದಿಲ್ಲ ಎಂದೆ. ಅವರು, “ಹತ್ತು ಸೆಕೆಂಡ್ ಐತಲ್ರಿ, ಐದಕ್ಕ ಭಾಗ್ಸಿ ಬರೀರಿ,” ಎಂದರು. ಸರಿ, ಅಂದಾಜಿನ ಮೇಲೆ ಹಂಚಿದೆ. ಕೂಡ್ಲಿಗಿಗೆ ಎರಡೂವರೆ ಸೆಕೆಂಡ್, ಹಡಗಲಿಗೆ ಎರಡೂವರೆ, ಹರಪನಹಳ್ಳಿಗೆ ಎರಡು, ಹಗರಿಬೊಮ್ಮನಹಳ್ಳಿಗೂ ಕೊಟ್ಟೂರಿಗೂ ತಲಾ ಒಂದೂವರೆ.

ಮರುವಾರ ಹರಪನಹಳ್ಳಿಯ ಮುಖಂಡರೊಬ್ಬರು ಫೋನ್ ಮಾಡಿದರು. “ಏನ್ರೀ ಮೇಷ್ಟ್ರೇ, ನಮ್ಮನ್ನ ಆ ಜಿಲ್ಲೆಯಿಂದ ಈ ಜಿಲ್ಲೆಗೆ, ಈ ಜಿಲ್ಲೆಯಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಹಾಕಿದ್ದು ಸಾಲ್ದು ಅಂತ ಈಗ ಕಿರಣದಾಗೂ ಹಡಗಲಿಗಿಂತ ಕಮ್ಮಿ ಮಾಡೀರೇನು?” ನಾನು ಹೆದರಿ ಕೊಟ್ಟೂರಿನ ಅರ್ಧ ಸೆಕೆಂಡನ್ನು ಅವರಿಗೆ ಬಿಟ್ಟುಕೊಟ್ಟೆ. ಸ್ವಂತ ಊರಿಗೆ ದ್ರೋಹ ಮಾಡಿದ್ದು ಜೀವನದಲ್ಲಿ ಅದೊಂದೇ ಸಲ.

ಆಮೇಲೆ ಎರಡನೆಯ ಬಿರುಗಾಳಿ ಬಂತು. ಎಣಿಕೆ ಚೆನ್ನಾಗಿ ಇಳಿಯಿತು. ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ. ತಿಂಗಳ ವರದಿಯ ದಿನವೂ ಅದೇ ಆಗಿತ್ತು, ಇಳಿದ ಅಂಕಿಯನ್ನೇ ಕಳಿಸಿದೆ. ಎರಡನೆಯ ದಿನಕ್ಕೆ ನೋಟಿಸ್ ಬಂತು: ತಮ್ಮ ಸಾಧನೆ ಈ ತಿಂಗಳು ಕುಸಿದಿದ್ದು, ಜೊತೆಗೆ ಹಿಂದಿನ ವರದಿಗಳಲ್ಲೂ ಅಲ್ಲಲ್ಲಿ ಮಾಪನ ಬಿಟ್ಟುಹೋಗಿದ್ದು, ಸಂಜೆ ಐದೂವರೆಗೆ ಖುದ್ದಾಗಿ ಹಾಜರಾಗಿ ವಿವರಣೆ ನೀಡತಕ್ಕದ್ದು.

ಬೆಳಿಗ್ಗೆ ಬರುತ್ತೇನೆ ಎಂದು ಬೇಡಿಕೊಂಡೆ, ಆಗಲಿಲ್ಲ. ರೇಡಿಯೋಗೆ ಜೋಡಿಸಿದ ಲ್ಯಾಪ್‌ಟಾಪ್ ನಡೆಸಲು ನನ್ನನ್ನು ಬಿಟ್ಟು ಕಾಲೇಜಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಆರೂ ಹತ್ತಕ್ಕೆ ನಾನು ಆ ಕಚೇರಿಯ ಬೆಂಚಿನ ಮೇಲೆ ಕೂತಿದ್ದೆ. ಡಬ್ಬಿ ಹೆಂಚಿನ ಮೇಲಿಂದಲೇ ಹೋಗುತ್ತಿದೆ ಎಂದು ಗೊತ್ತಿತ್ತು, ಮೇಲೆ ನೋಡಿದೆ. “ಮ್ಯಾಲೇನು ನೋಡ್ತೀರಿ, ಇಲ್ಲಿ ನೋಡ್ರಿ,” ಎಂದು ಅಧಿಕಾರಿಗಳು ಗದರಿದರು.

ಮಾಪನಗಳು ಏಕೆ ತಪ್ಪುತ್ತವೆ ಎಂದು ವಿಚಾರಿಸಲು ಕರೆದ ಸಭೆಯಿಂದಾಗಿ ಅವತ್ತಿನ ಮಾಪನ ತಪ್ಪಿತು.

ಎಣಿಸಬಾರದು

ಊರಿನ ಗದ್ದಲದಲ್ಲಿ ಇದು ಆಗುವ ಕೆಲಸವಲ್ಲ ಎಂದು ತೀರ್ಮಾನಿಸಿದೆ. ಸೂರ್ಯನಲ್ಲಿ ಮೂರನೆಯ ಬಿರುಗಾಳಿ ಎದ್ದ ಸುದ್ದಿ ತಿಳಿದ ಕೂಡಲೇ ರಜೆ ಹಾಕಿ, ಹಡಗಲಿಯಲ್ಲಿರುವ ತಂಗಿಯ ಮನೆಗೆ ಹೋದೆ. ದಿನಾ ಎರಡು ಹೊತ್ತು ಮೈಲಾರದ ದಾರಿ ಹಿಡಿದು, ಬಟಾಬಯಲಿನಲ್ಲಿ ಕೈ ಆಂಟೆನಾ ಹಿಡಿದು ನಿಲ್ಲುವುದು. ಅಲ್ಲಿ ಒಬ್ಬ ಮುದುಕ ಕುರಿಮಂದೆ ತರುಬಿಕೊಂಡು ಬೀಡುಬಿಟ್ಟಿದ್ದ. ಕರಿ ಕಂಬಳಿ, ಕೈಯಲ್ಲೊಂದು ಕೋಲು. ನಾನು ಆಕಾಶಕ್ಕೆ ಆಂಟೆನಾ ತೋರಿಸಿ ಮೆಲ್ಲಗೆ ದಕ್ಷಿಣದಿಂದ ಉತ್ತರಕ್ಕೆ ತಿರುಗುವುದನ್ನು ಎರಡು ದಿನ ಸುಮ್ಮನೆ ನೋಡಿದ. ಮೂರನೆಯ ದಿನ ಕೇಳಿದ.

“ಏನ್ ಮಾಡ್ತೀರಿ ಸಾಹೇಬ್ರ?”

“ಎಣಿಸ್ತೀನಿ.”

ಮುದುಕನ ಮುಖ ಕಪ್ಪಿಟ್ಟಿತು. “ಎಣಸಬಾರದ್ರಿ. ಎಣಿಸಿದ್ರ ಕಮ್ಮಿ ಆಗ್ತಾವ.”

ಕುರಿ ಸಾಕುವವರು ತಮ್ಮ ಕುರಿಗಳನ್ನು ಬಾಯಿಬಿಟ್ಟು ಎಣಿಸುವುದಿಲ್ಲ. ನಿಮ್ಮವು ಎಷ್ಟಿವೆ ಎಂದು ನಾನು ಕೇಳಿದ್ದಕ್ಕೆ, “ಅದಾವ್ರಿ, ದೇವ್ರು ಕೊಟ್ಟಷ್ಟು,” ಎಂದು ಮಾತು ಮುಗಿಸಿದ. ನನಗೆ ನಗು ಬಂತು. ಕಡಿಮೆಯಾಗಲಿ ಎಂದೇ ಎಣಿಸುತ್ತಿದ್ದೇನೆ ಎಂದರೆ ಅವನಿಗೆ ಅರ್ಥವಾಗಲಿಲ್ಲ. ಯಾರೂ ತಮ್ಮದು ಕಡಿಮೆಯಾಗಲಿ ಎಂದು ಊಟ ಬಿಟ್ಟು ಬಯಲಲ್ಲಿ ನಿಲ್ಲುವುದಿಲ್ಲವಲ್ಲ.

ಅವತ್ತೇ ಸಂಜೆ ಬಿರುಗಾಳಿ ಮುಟ್ಟಿತು. ಅಂಕಿ ದಡಕ್ಕನೆ ಇಳಿಯಿತು. ನಾನು ಕುಣಿದುಬಿಟ್ಟೆ. ಮುದುಕ ಬಂದು ಏನಾಯಿತೆಂದ. “ಕಡಿಮೆ ಆದ್ವು!” ಎಂದು ಕೂಗಿದೆ.

“ನಾ ಬಡಕೊಂಡೆ,” ಎಂದು ಅವನು ತಲೆಯಲ್ಲಾಡಿಸಿದ.

ಮುಂದಿನ ನಾಲ್ಕು ದಿನ ಒಂದೂ ತಪ್ಪಲಿಲ್ಲ. ಅಂಕಿ ಮೆಲ್ಲಗೆ ಏರುತ್ತಿತ್ತು. ಇನ್ನು ಮೂರು ದಿನ, ಪ್ರಬಂಧ ಮುಗಿಯಿತು, ದಾವಣಗೆರೆಗೆ ಹೋಗಿ ನನ್ನ ವಿದ್ಯಾರ್ಥಿಯ ಎದುರು ಕುರ್ಚಿಯ ಮೇಲೆ ಕೂತುಬಿಡುತ್ತೇನೆ ಅಂದುಕೊಂಡೆ. ಐದನೆಯ ಸಂಜೆ ಡಬ್ಬಿ ದಕ್ಷಿಣದಲ್ಲಿ ಎದ್ದಿತು, ದನಿ ಬಂತು, ಎರಡನೆಯ ನಿಮಿಷಕ್ಕೆ ಥಟ್ಟನೆ ನಿಂತಿತು. ತಿರುಗಿ ನೋಡಿದರೆ ಮಂದೆಯ ಹೋತವೊಂದು ನನ್ನ ಬೆನ್ನ ಹಿಂದೆ ನಿಂತು ಕೇಬಲ್ ಅಗಿಯುತ್ತಿತ್ತು. ಇಷ್ಟೂ ದಿನ ನನ್ನ ಬೆವರುಗೈ ಉಪ್ಪು ಹಿಡಿಸಿದ ಕೇಬಲ್, ಅದಕ್ಕೆ ರುಚಿಯಾಗಿರಬೇಕು.

ನಾನು ನೆಲದ ಮೇಲೆ ಕೂತುಬಿಟ್ಟೆ. ಮುದುಕ ಹೋತವನ್ನು ಅಟ್ಟಿ, ನನ್ನ ಪಕ್ಕದಲ್ಲಿ ಕೂತು, ಕಂಬಳಿಯ ಒಂದು ಅಂಚನ್ನು ನನ್ನ ಹೆಗಲಿಗೆ ಹೊದಿಸಿದ. ಆಮೇಲೆ ಸಮಾಧಾನ ಹೇಳಿದ.

“ಹೋಗ್ಲಿ ಬಿಡ್ರಿ ಸಾಹೇಬ್ರ. ಇನ್ನ ಎಣಸಾಕ ಆಗಂಗಿಲ್ಲಲ್ಲ, ಉಳಿದವಾದ್ರೂ ಉಳೀತಾವ.”

ಮಾತಾಡಿಸಲು ಬಂದವರು

ಕೊನೆಯ ಬಿರುಗಾಳಿ ಬಂದಾಗ ಡಬ್ಬಿ ತೀರ ಕೆಳಗಿಳಿದಿತ್ತು. ನನ್ನ ಪಿಎಚ್.ಡಿ. ನೋಂದಣಿಯ ಅವಧಿಗೂ ಒಂದೇ ತಿಂಗಳು ಉಳಿದಿತ್ತು. ಇದರಲ್ಲಿ ಇನ್ನೊಂದು ಸಂಕಟ ಇದೆ. ಸೂರ್ಯನ ಬಿರುಗಾಳಿ ಮುಟ್ಟಿದಾಗ ಭೂಮಿಯ ಮೇಲ್ಗಡೆಯ ಗಾಳಿ ಕಾದು ಉಬ್ಬುತ್ತದೆ. ಉಬ್ಬಿದ ಗಾಳಿ ಉಪಗ್ರಹವನ್ನು ತಡೆದು ಕೆಳಗೆಳೆಯುತ್ತದೆ. ನಾನು ಯಾವುದಕ್ಕಾಗಿ ಕಾದಿದ್ದೆನೋ ಅದೇ ಡಬ್ಬಿಯನ್ನು ಕೊಲ್ಲುವುದಿತ್ತು. ಇಳಿತ, ಏರಿಕೆ ಮುಗಿಯುವವರೆಗೆ ಅದು ಬದುಕಬೇಕು. ಏಳೇ ದಿನ.

ಕಾಲೇಜಿನ ಎದುರು ಒಂದು ವೆಲ್ಡಿಂಗ್ ಅಂಗಡಿ ಇದೆ, ಪಕ್ಕದಲ್ಲಿ ಹಿಟ್ಟಿನ ಗಿರಣಿ, ಆಚೆ ಗುಡಿಯ ಮೈಕು. ವೆಲ್ಡಿಂಗಿನ ಕಿಡಿ ಹಾರಿದರೆ ಸಾಕು, ನನ್ನ ರೇಡಿಯೋದಲ್ಲಿ ಬರೀ ಗರಗರ. ನಾಲ್ಕು ವರ್ಷ ಇವರ ಜೊತೆ ಜಗಳವಾಡಿದ್ದೆ. ಈ ಸಲ ಜಗಳ ಬಿಟ್ಟು, ಅಂಗಡಿ ಅಂಗಡಿಗೆ ಹೋಗಿ ಕೈ ಮುಗಿದೆ. ಏಳು ದಿನ, ದಿನಕ್ಕೆ ಎರಡು ಸಲ, ಒಂಬತ್ತು ನಿಮಿಷ. ಡಬ್ಬಿ ಸಾಯುತ್ತಿದೆ, ಅದರ ಕೊನೆಯ ಮಾತು ಕೇಳಿಸಿಕೊಳ್ಳಬೇಕು ಎಂದೆ. ವೆಲ್ಡಿಂಗಿನವನು ನನ್ನ ಮುಖ ನೋಡಿ, “ಇಷ್ಟ ಹೇಳಿದ್ರ ಮೊದಲ ಬಂದ್ ಮಾಡ್ತಿದ್ನಲ್ರಿ ಸರ್. ನೀವು ಬರೇ ಬೈತಿದ್ರಿ,” ಎಂದ.

ಅವರು ಮಾತು ಉಳಿಸಿಕೊಂಡರು. ಅಂಕಿ ಇಳಿಯಿತು. ತಳ ಮುಟ್ಟಿತು. ಒಂದೂ ತಪ್ಪದೆ ಏರತೊಡಗಿತು. ಡಬ್ಬಿ ಮಾತ್ರ ದಿನದಿಂದ ದಿನಕ್ಕೆ ಹೇಳಿದ ಹೊತ್ತಿಗಿಂತ ಮುಂಚೆಯೇ ಬರತೊಡಗಿತು. ಕೆಳಗಿಳಿದಷ್ಟೂ ಅದರ ಓಟ ಜೋರು. ನಾಲ್ಕನೆಯ ದಿನದ ಬೆಳಿಗ್ಗೆ ಅಂಕಿ ಅರ್ಧ ಏರಿತ್ತು.

ಆ ಸಂಜೆ ನಾನು ಅರ್ಧ ಗಂಟೆ ಮೊದಲೇ ಹೋಗಿ ನಿಂತೆ. ಗಿರಣಿ ನಿಂತಿತು. ಮೈಕು ನಿಂತಿತು. ರೇಡಿಯೋದಲ್ಲಿ ಸಣ್ಣ ಸುಯ್ಯೆಂಬ ಸದ್ದು ಬಿಟ್ಟರೆ ಏನೂ ಇಲ್ಲ. ಇಷ್ಟು ಶುದ್ಧವಾದ ಮೌನವನ್ನು ನಾನು ಆ ಮಾಳಿಗೆಯ ಮೇಲೆ ಕೇಳಿರಲೇ ಇಲ್ಲ. ನಾಲ್ಕು ವರ್ಷ ಇದನ್ನೇ ಬೇಡಿದ್ದೆ. ಈಗ ಸಿಕ್ಕಿತು, ಮಾತಾಡಬೇಕಾದ ಡಬ್ಬಿಯೇ ಬರಲಿಲ್ಲ. ಆರೂ ಹತ್ತಾಯಿತು, ಆರೂವರೆ ಆಯಿತು. ನಾನು ಆಂಟೆನಾದಿಂದ ಕೈ ತೆಗೆಯಲಿಲ್ಲ. ಕೆಳಗೆ ಯಾರೂ ಯಂತ್ರ ಚಾಲೂ ಮಾಡಲಿಲ್ಲ. ಏಳು ಗಂಟೆಗೆ ವೆಲ್ಡಿಂಗಿನವನು ಮೇಲೆ ಬಂದು, “ಸರ್, ಇನ್ನ ಚಾಲೂ ಮಾಡ್ಲೇನ್ರಿ?” ಎಂದು ಕೇಳಿದ. ಹೂಂ ಎಂದು ತಲೆಯಾಡಿಸಿದೆ. ಅವನು ಇಳಿದುಹೋಗಿ ಅಂಗಡಿಯ ಬಾಗಿಲೆಳೆದು ಮನೆಗೆ ಹೋದ.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಬಾಗಿಲು ಬಡಿದ ಸದ್ದಾಯಿತು. ಓಣಿಯ ಐದಾರು ಹೆಂಗಸರು, ಇಬ್ಬರು ಗಂಡಸರು. ಕೈಯಲ್ಲಿ ಬಟ್ಟೆ ಕಟ್ಟಿದ ಬುತ್ತಿ. ಯಾರಾದರೂ ತೀರಿಕೊಂಡ ಮನೆಗೆ ನಮ್ಮಲ್ಲಿ ಹೀಗೆ ಮಾತಾಡಿಸಲು ಬರುತ್ತಾರೆ. ಆ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ, ಹಾಗಾಗಿ ರೊಟ್ಟಿ ಪಲ್ಯ ತರುತ್ತಾರೆ. ವೆಲ್ಡಿಂಗಿನವನು ಸುದ್ದಿ ಮುಟ್ಟಿಸಿದ್ದ. ನನ್ನ ಹೆಂಡತಿ ಅದೇ ಆಗ ಮಂಡಕ್ಕಿಗೆ ಒಗ್ಗರಣೆ ಕೊಡುತ್ತಿದ್ದಳು. ಬಂದವರನ್ನು ಕಂಡವಳೇ ಗ್ಯಾಸ್ ಆರಿಸಿ, ಬಾಣಲೆಯನ್ನು ಮಂಚದ ಕೆಳಗೆ ತಳ್ಳಿ, ಸೆರಗು ಸರಿಮಾಡಿಕೊಂಡು ಬಾಗಿಲ ಹತ್ತಿರ ನಿಂತಳು. ಮನೆಯೆಲ್ಲ ಬೆಳ್ಳುಳ್ಳಿ ಘಮ. ಬಂದವರು ದೊಡ್ಡ ಮನಸ್ಸು ಮಾಡಿ ಮೂಗಿಗೆ ಏನೂ ಬಡಿಯದವರಂತೆ ಕೂತರು.

ಓಣಿಗೆಲ್ಲ ಹಿರಿಯಳಾದ ಅಜ್ಜಿ ಮಾತು ತೆಗೆದಳು. “ಎಷ್ಟು ವರ್ಷ ಆಗಿದ್ವಪ್ಪಾ?”

“ನಾಲ್ಕು ವರ್ಷ ತುಂಬಿತ್ತು.”

“ಅಯ್ಯ ಶಿವನೇ. ಏನಾಗಿತ್ತು?”

“ಗಾಳಿ ಜಾಸ್ತಿ ಆಯ್ತು ಅಜ್ಜಿ.”

“ಹೂಂ, ಈ ವರ್ಷದ ಗಾಳಿನ ಸರಿ ಇಲ್ಲ ಬಿಡು. ಕೊನಿಗೆ ಏನರ ಮಾತಾಡ್ತೋ?”

“ನಿನ್ನೆ ಬೆಳಿಗ್ಗೆ ಮಾತಾಡಿತ್ತು,” ಎಂದು ಹೇಳಿ, ಡಬ್ಬಿ ಹೇಳಿದ ಅಂಕಿಯನ್ನು ಹೇಳಿದೆ. ಎಲ್ಲರೂ ನಿಟ್ಟುಸಿರು ಬಿಟ್ಟರು.

“ಮಣ್ಣು ಎಲ್ಲಿ ಮಾಡಿದ್ರಿ?” ಎಂದು ಗಂಡಸರಲ್ಲೊಬ್ಬರು ಕೇಳಿದರು.

“ಉರಿದು ಹೋತ್ರಿ. ಎಲ್ಲೋ ಸಮುದ್ರದ ಮೇಲೆ.”

ಅವರು ಗಾಬರಿಯಾಗಿ ಪಕ್ಕದವರ ಮುಖ ನೋಡಿದರು. “ಸುಟ್ರಾ? ನಮ್ಮೊಳಗ ಸುಡೂದಿಲ್ಲಲ್ರಿ, ಕುಂದ್ರಿಸಿ ಮಣ್ಣು ಮಾಡ್ತೀವಿ.”

ಅಷ್ಟರಲ್ಲಿ ದಾವಣಗೆರೆಯಿಂದ ನನ್ನ ಮಾರ್ಗದರ್ಶಕ ಬಂದ. ಜನ ಕೂತಿದ್ದು ನೋಡಿ ಚಪ್ಪಲಿ ಬಿಟ್ಟು, ಅವನೂ ಚಾಪೆಯ ಮೂಲೆಯಲ್ಲಿ ಕೂತ. ಹೇಳಬೇಕಾದ್ದನ್ನು ಅಷ್ಟು ಜನರ ಎದುರು ಹೇಳಲಾರದೆ ಬಹಳ ಹೊತ್ತು ಉಗುರು ನೋಡಿಕೊಂಡ. ಕೊನೆಗೆ, “ಸರ್, ಏರಿಕೆ ಅರ್ಧಕ್ಕೆ ನಿಂತೈತೆ. ಅದನ್ನ ಯೂನಿವರ್ಸಿಟೀಲಿ ಒಪ್ಪಲ್ಲಂತೆ. ನಿಮ್ಮ ಫೋನ್ ಬಂದ ಮೇಲೆ ರಾತ್ರೀನೇ ನೋಂದಣಿ ಮುಂದುವರಿಸ್ರಿ ಅಂತ ಕೇಳ್ದೆ, ಆಗಲ್ಲ ಅಂದ್ರು,” ಎಂದ.

“ಗೊತ್ತು ಬಿಡಪ್ಪ,” ಎಂದೆ. ಎಂದವನಿಗೆ ದುಃಖ ಒತ್ತರಿಸಿ ಬಂತು. ಗುರುಗಳು ತೀರಿಕೊಂಡಾಗ ಅಳದವನು, ಹೋತ ಕೇಬಲ್ ತಿಂದಾಗ ಅಳದವನು, ಓಣಿಯವರೆಲ್ಲರ ಎದುರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನನ್ನ ವಿದ್ಯಾರ್ಥಿ, “ಸರ್, ಬ್ಯಾಡ ಸರ್,” ಎನ್ನುತ್ತ ತಾನೂ ಕಣ್ಣೊರೆಸಿಕೊಂಡ.

ಅಜ್ಜಿ ನನ್ನ ಬೆನ್ನ ಮೇಲೆ ಕೈಯಾಡಿಸಿದಳು. “ಅಳಬ್ಯಾಡ ನನ್ನಪ್ಪ. ಏನು ವಯಸ್ಸು ಹೋಗೈತಿ ನಿನಗ? ಇನ್ನಾ ಗಟ್ಟಿ ಅದೀ. ವರ್ಷ ತುಂಬೂದ್ರಾಗ ಇನ್ನೊಂದು ಮಾಡ್ಕೊ.”

ಬಾಗಿಲ ಹತ್ತಿರ ಅಷ್ಟು ಹೊತ್ತು ಸೆರಗು ಹೊದ್ದು ಸುಮ್ಮನೆ ನಿಂತಿದ್ದ ನನ್ನ ಹೆಂಡತಿ ಬಾಯಿ ಬಿಟ್ಟಳು.

“ಬ್ಯಾಡಬೇ ಯಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ! ಅದೊಂದಕ್ಕ ನಾಲ್ಕು ವರ್ಷ ಕತ್ತು ಮ್ಯಾಲೆ ಮಾಡ್ಕೊಂಡು ತಿರುಗ್ಯಾರ. ಇನ್ನರ ಒಂದೀಟು ಕೆಳಗ ಇಳದು ನನ್ನ ಮುಖ ನೋಡ್ಲಿ!”